ಬೇಡ ಅನ್ನುವವರ ಸರದಿ

ದಮಾರಿಸ್ ಮಾಡಿದ ಮಹಾಪರಾಧ ಇಷ್ಟೇ: ಕ್ರೈಸ್ತ ಸಭೆಯ ಹೆಂಗಸರ ಪ್ರಾರ್ಥನಾಕೂಟದಲ್ಲಿ ಒಂದು ಪ್ರಶ್ನೆ ಕೇಳಿದ್ದಳು. "ಒಪ್ಪೋರು ಕೈ ಎತ್ತಿ ಅಂತ ಪ್ರತಿ ಸಲ ಕೇಳ್ತೀರಲ್ಲ, ಬೇಡ ಅನ್ನೋರು ಯಾವಾಗ ಎತ್ತಬೇಕು?" ಆ ಪ್ರಶ್ನೆ ಬಾಯಿಂದ ಬಾಯಿಗೆ ದಾಟುತ್ತ ಸಭೆ ಒಡೆಯುವ ಸಂಚಾಗಿ ಬೆಳೆದು ರಾಜಧಾನಿ ಬುಕಾರೆಸ್ಟಿನ ಕೇಂದ್ರ ಕಚೇರಿ ಮುಟ್ಟಿತು. ಅಲ್ಲಿಂದ ಹಿರಿಯ ಸಹೋದರ ನೆಕಿಫೋರ್, ದೊರೊಹೊಯ್ ಪಟ್ಟಣದ ಪಕ್ಕದ ಈ ಹಳ್ಳಿಗೆ ಬಂದಿಳಿದ. ಇನ್ನು ಮೇಲೆ ದಮಾರಿಸಳ ಜೊತೆ ಯಾರೂ ಮಾತಾಡಕೂಡದು, ಒಂದೇ ಮೇಜಿಗೆ ಊಟಕ್ಕೆ ಕೂರಕೂಡದು ಎಂದು ಆ ಭಾನುವಾರ ಸಭೆ ತೀರ್ಮಾನಿಸಬೇಕಾಗಿತ್ತು. ಯಾರೂ ಅಂದರೆ ಹೆತ್ತ ತಾಯಿಯೂ ಸೇರಿ.

ಆ ತಾಯಿ ಲಿಯೊಂಟಿನಾ, ಹೆಂಗಸರ ಸಾಲಿನಲ್ಲಿ, ತಲೆವಸ್ತ್ರ ಬಿಗಿದು ಕೂತಿದ್ದಳು. ಬೆಳಿಗ್ಗೆ ಹೊರಡುವಾಗ ಗಂಡ ಇಲಾರಿಯೋನ್ ಗೇಟಿಗೊರಗಿ ಸಿಗರೇಟು ಸೇದುತ್ತ ಕೆಣಕಿದ್ದ. ಅವನು ಈ ಸಭೆಗೆ ಎಂದೂ ಕಾಲಿಟ್ಟವನಲ್ಲ.

"ಹೋಗು ಹೋಗು, ಕೈ ಎತ್ತಿ ಬಾ. ಹಳೇ ಕಮ್ಯುನಿಸ್ಟ್ ಸರ್ಕಾರದಲ್ಲಿ ಫ್ಯಾಕ್ಟರಿ ಮೀಟಿಂಗಲ್ಲಿ ನಾವೂ ಎತ್ತಿದ್ದೇ ಎತ್ತಿದ್ದು. ಅಲ್ಲಿ ನಿದ್ದೆ ಮಾಡೋಕಾದ್ರೂ ಬಿಡ್ತಿದ್ರು."

"ಬಾಯ್ಮುಚ್ಚಿ. ಇದು ದೇವರ ಮನೆ," ಎಂದಿದ್ದಳು. ಇಷ್ಟು ವರ್ಷ ಹೇಳಿಕೊಂಡು ಬಂದ ಮಾತು, ತಾನಾಗಿ ಬಂದಿತ್ತು.

ನೆಕಿಫೋರ್ ಎದ್ದು ನಿಂತ. ದನಿಗೆ ಜೇನು ಸವರಿಕೊಂಡು ಬಂದಂತಿತ್ತು. "ಪ್ರಿಯ ಸಹೋದರ ಸಹೋದರಿಯರೇ, ನಮ್ಮಲ್ಲಿ ಬಿಷಪ್ಪರಿಲ್ಲ, ಒಡೆಯರಿಲ್ಲ. ಆಜ್ಞೆ ಮಾಡೋಕೆ ನಾನ್ಯಾರು? ತೀರ್ಮಾನ ನಿಮ್ಮದು, ನಾನು ನಿಮ್ಮ ಸೇವಕ." ಸೇವಕನ ಕೈಯಲ್ಲಿದ್ದ ತೀರ್ಮಾನ ಮಾತ್ರ ಕೇಂದ್ರದಲ್ಲೇ ಟೈಪಾಗಿ, ಮೊಹರು ಹಾಕಿಸಿಕೊಂಡು ಬಂದಿತ್ತು. ಅದರಲ್ಲಿ 'ಸರ್ವಾನುಮತದಿಂದ' ಎಂಬುದೂ ಆಗಲೇ ಅಚ್ಚಾಗಿತ್ತು. ನಾಚಿಕೆ ಎಂಬುದು ಒಂದಿಷ್ಟಾದರೂ ಬೇಡವೇ?

"ಪ್ರೀತಿಯಿಂದ ಒಪ್ಪೋರು ಕೈ ಎತ್ತಿ."

ಕೈಗಳು ಎದ್ದವು. ಲಿಯೊಂಟಿನಾಳ ಕೈ ಮಡಿಲಲ್ಲೇ ಉಳಿಯಿತು.

ಇವರಲ್ಲೊಂದು ಪದ್ಧತಿ ಇತ್ತು. ಪವಿತ್ರಾತ್ಮ ಒಡಕು ದನಿಯಲ್ಲಿ ಮಾತಾಡುವುದಿಲ್ಲವಾದ್ದರಿಂದ ಒಂದು ಕೈ ಕಡಿಮೆಯಾದರೂ ತೀರ್ಮಾನ ನಿಲ್ಲುವುದಿಲ್ಲ. ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಬೇಕು. ಎಲ್ಲ ಕೈಗಳೂ ಏಳುವ ತನಕ ಕೇಳುತ್ತಲೇ ಇರಬೇಕು. ಕೇಳುವುದಕ್ಕೆ ಎಷ್ಟು ಚೆಂದ! ಒಬ್ಬರ ಮಾತಿಗೂ ಅಷ್ಟು ಬೆಲೆ ಎಂದು ಲಿಯೊಂಟಿನಾಳೇ ಅಕ್ಕಪಕ್ಕದವರ ಮುಂದೆ ಜಂಬ ಕೊಚ್ಚಿಕೊಂಡಿದ್ದುಂಟು. ಆ ಪದ್ಧತಿ ಯಾರ ಬೆನ್ನು ಮುರಿಯುವುದಕ್ಕಿದೆ ಎಂದು ಈಗ ಗೊತ್ತಾಯಿತು.

ಎಲ್ಲರೂ ಸಿಮೆಂಟು ನೆಲಕ್ಕೆ ಮೊಣಕಾಲೂರಿದರು. ಎದ್ದರು. ನೆಕಿಫೋರ್ ಕೇಳಿದ. ಅವಳು ಎತ್ತಲಿಲ್ಲ. ಮತ್ತೆ ಊರಿದರು. ಮಾರ್ಚ್ ತಿಂಗಳ ನೆಲ ಮಂಜುಗಡ್ಡೆಯಂತಿತ್ತು. ಮುದುಕರು ನರಳತೊಡಗಿದರು. ಹಿಂದಿನಿಂದ ಯಾರೋ ಒಬ್ಬಳು ಗೊಣಗಿದಳು: "ಒಲೆ ಮೇಲೆ ಎಲೆಕೋಸಿನ ಸರ್ಮಾಲೆ ಬೇಯೋಕಿಟ್ಟು ಬಂದಿದೀನಿ. ಇವಳ ಹಟಕ್ಕೆ ಎಲ್ಲ ಸೀದು ಹೋಗತ್ತೆ!"

ಲಿಯೊಂಟಿನಾ ಎದ್ದು ನಿಂತಳು. "ಅಣ್ಣಾ, ನಂದೊಂದು ಮಾತಿದೆ."

"ಸಹೋದರಿ, ಇದು ಮಾತಿನ ಹೊತ್ತಲ್ಲ, ಮತದ ಹೊತ್ತು," ನೆಕಿಫೋರ್ ಮುಗುಳ್ನಕ್ಕ. "ನಿಮ್ಮ ದನಿಗೆ ಬೆಲೆ ಇದೆ. ಅದಕ್ಕೇ ಇಷ್ಟು ಜನ ನಿಮಗೋಸ್ಕರ ಕಾಯ್ತಿದಾರೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ಕಟ್ಟಿ ದನಿಗೆ ಬೆಲೆ ಕಟ್ಟುವ ಈ ಮನುಷ್ಯನ ಮುಖಕ್ಕೆ ಉಗಿಯಬೇಕೆನ್ನಿಸಿತು.

ಪಕ್ಕದಲ್ಲಿದ್ದವಳು ಝಂಫಿರಾ, ಹಳೆಯ ಗೆಳತಿ. ದಮಾರಿಸ್ ಹುಟ್ಟಿದ ರಾತ್ರಿ ಹಿಮ ಬಿದ್ದು ದಾರಿ ಕಟ್ಟಿಹೋಗಿದ್ದಾಗ, ಮಗುವನ್ನು ಮೊದಲು ಕೈಗೆ ತೆಗೆದುಕೊಂಡವಳು ಅವಳೇ. ಮೊಣಕಾಲು ಬಾತು ಅವಳ ಕಣ್ಣಲ್ಲಿ ನೀರು ಬಂದಿತ್ತು.

"ಎತ್ತೇ ಮಾರಾಯ್ತಿ," ಪಿಸುಗುಟ್ಟಿದಳು. "ಇಲ್ಲಿ ಎತ್ತಿಬಿಡು, ಮನೆಗೆ ಹೋಗಿ ಗುಟ್ಟಾಗಿ ಮಾತಾಡ್ಕೋ. ಯಾರು ಬಂದು ನೋಡ್ತಾರೆ?"

"ನನ್ನ ಮಗಳ ಹತ್ರ ನಾನು ಕದ್ದು ಮಾತಾಡ್ಲಾ?"

"ಎಲ್ಲರೂ ಹಾಗೇ ಕಣೇ ಬದುಕೋದು. ನಿನಗೊಬ್ಬಳಿಗೆ ಕೊಂಬು ಬಂದಿದೆಯಾ?"

"ಪ್ರೀತಿಯಿಂದ ಒಪ್ಪೋರು..." ನೆಕಿಫೋರ್ ಮತ್ತೆ ಶುರುಮಾಡಿದ.

ಝಂಫಿರಾ ಬಲಗೈ ಎತ್ತಿದಳು. ಎಡಗೈಯಿಂದ ಲಿಯೊಂಟಿನಾಳ ಮಣಿಕಟ್ಟು ಹಿಡಿದು ಅದನ್ನೂ ಮೇಲೆತ್ತಿಬಿಟ್ಟಳು.

"ದೇವರಿಗೆ ಸ್ತೋತ್ರ! ಸರ್ವಾನುಮತ!" ಎಂದು ನೆಕಿಫೋರ್ ಕೂಗಿದ. ಅವನು ಕಂಡೂ ಕಾಣದವನಂತೆ ನಟಿಸಿದ. ಸಭೆಯೂ ಹಾಗೇ ನಟಿಸಿತು.

"ನಾನು ಎತ್ತಿಲ್ಲ! ಇವಳು ಎತ್ತಿದ್ದು!" ಲಿಯೊಂಟಿನಾ ಕಿರುಚಿದಳು. ಅಷ್ಟರಲ್ಲಿ ಎಲ್ಲರೂ ಕೀರ್ತನೆ ಶುರುಮಾಡಿದ್ದರು. ಎಂದೂ ಇಲ್ಲದಷ್ಟು ಗಟ್ಟಿಯಾಗಿ ಹಾಡುತ್ತಿದ್ದರು. ಅವಳ ಕೂಗು ಅವಳಿಗೇ ಕೇಳಿಸಲಿಲ್ಲ.

ಚೀಲದಿಂದ ಫೋನು ತೆಗೆದಳು. ಮಗಳಿಗೆ ಹಚ್ಚಿ, ಸ್ಪೀಕರ್ ಹಾಕಿ, ನಡುದಾರಿಗೆ ಬಂದು ಫೋನನ್ನು ತಲೆಯ ಮೇಲಕ್ಕೆ ಹಿಡಿದಳು. ಅದನ್ನು ನೋಡಿ ಮುಂದಿನ ಸಾಲಿನವರು ಹಾಡು ತಪ್ಪಿದರು. ಆಮೇಲೆ ಉಳಿದವರೂ ನಿಲ್ಲಿಸಿದರು.

"ಅಮ್ಮಾ? ಮುಗೀತಾ?" ದಮಾರಿಸಳ ದನಿ ಇಡೀ ಸಭಾಂಗಣಕ್ಕೆ ಕೇಳಿಸಿತು. "ಏನಂದ್ರು?"

"ನಿನ್ನ ಜೊತೆ ಯಾರೂ ಮಾತಾಡ್ಬಾರ್ದಂತೆ ಮಗಳೇ. ಎಲ್ಲರೂ ಒಪ್ಪಿದಾರೆ. ನಾನೂ ಒಪ್ಪಿದೀನಂತೆ. ಅದಕ್ಕೇ ಫೋನ್ ಮಾಡ್ದೆ."

"ಸಹೋದರಿ!" ನೆಕಿಫೋರನ ದನಿಯ ಜೇನೆಲ್ಲ ಇಳಿದುಹೋಗಿತ್ತು. "ನಿಲ್ಲಿಸಿ ಅದನ್ನ!"

ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಆ ಕಡೆಯಿಂದ ಹುಡುಗಿ ಕೇಳಿದಳು: "ಝಂಫಿರಾ ದೊಡ್ಡಮ್ಮನೂ ಎತ್ತಿದ್ರಾ?"

"ಎತ್ತಿದ್ಲು. ಎರಡು ಕೈ. ತನ್ನದೊಂದು, ನನ್ನದೊಂದು. ಇಲ್ಲೇ ಇದಾಳೆ, ನೀನೇ ಕೇಳು."

"ದೊಡ್ಡಮ್ಮಾ?" ಎಂದಳು ದಮಾರಿಸ್.

ಝಂಫಿರಾಳ ತುಟಿ ಅಲುಗಿತು. ಅವಳು ವೇದಿಕೆಯ ಕಡೆ ನೋಡಿದಳು. ನೆಕಿಫೋರ್ ಬೇಡವೆಂದು ತಲೆಯಾಡಿಸಿದ. ಅವಳು ಬಾಯಿ ಮುಚ್ಚಿಕೊಂಡು ಕೂತಳು.