ನೂಲಿನಂಗಡಿಯ ಮೇಲಿನ ಕೆಂಪು ಗುರುತು

“ಮೇಡಂ, ಮ್ಯಾಪು ತೋರಿಸಿದ ಜಾಗದಲ್ಲೇ ನಿಂತಿದೀನಿ. ಇಲ್ಲಿ ಯಾರೂ ಸತ್ತಿಲ್ಲ ಅಂತಿದಾರೆ.”

ಫೋನು ತಂದೆಯದು, ಹಿಡಿದವಳು ಮಗಳು. ಅವಳ ಇನ್ನೊಂದು ಕೈಯಲ್ಲಿ ಅರ್ಧ ಬಿಚ್ಚಿದ ಹೂವಿನ ಪೊಟ್ಟಣವಿತ್ತು.

“ಯಾರು ಹಾಗಂದಿದ್ದು?”

“ಇಲ್ಲೊಬ್ಬರು ನೂಲು, ಗುಂಡಿ ಮಾರೋ ಅಂಗಡಿಯಮ್ಮ. ‘ಸತ್ತವರ ಮನೆ ಆ ಕಡೆ, ಬೋರ್ಡು ಓದೋಕೆ ಬರಲ್ವಾ’ ಅಂತ ಬೈದ್ರು.”

“ಎಡಕ್ಕೆ ತಿರುಗಿ, ಸುತ್ತಿಕೊಂಡು ಮುಂದಿನ ರಸ್ತೆಗೆ ಬನ್ನಿ. ಸಲೂನ್ ಪಕ್ಕ.”

ಬೆಳಿಗ್ಗೆಯಿಂದ ಇದು ಐದನೆಯ ಕರೆ. ಗಂಟೆ ಒಂಬತ್ತೂವರೆ. ಮಹಡಿಯ ಮೇಲಿನ ಮನೆಗೆ ಹೋಗುವ ಮೆಟ್ಟಿಲು ಕಿರಿದಾದ್ದರಿಂದ ತಂದೆಯ ದೇಹವನ್ನು ಕೆಳಗೆ ಅಂಗಡಿಯಲ್ಲೇ ಮಂಚದ ಮೇಲೆ ಮಲಗಿಸಿದ್ದರು. ನಲವತ್ತೊಂದು ವರ್ಷ ಅವರು ಹೊಲಿಗೆಯಂತ್ರಗಳನ್ನು ಬಿಚ್ಚಿ ಜೋಡಿಸಿದ ಮೇಜನ್ನು ಗೋಡೆಗೆ ಸರಿಸಲಾಗಿತ್ತು. ಅದರ ಮೇಲೆ ಮೂರು ಯಂತ್ರಗಳು ಮುಚ್ಚಳ ತೆರೆದುಕೊಂಡು ಕೂತಿದ್ದವು. ಮೊನ್ನೆ ಸಂಜೆ ಅವುಗಳಲ್ಲೊಂದಕ್ಕೆ ಎಣ್ಣೆ ಬಿಡುತ್ತಿದ್ದಾಗಲೇ ಅವರು ಎದೆ ಹಿಡಿದುಕೊಂಡಿದ್ದು. ನಿನ್ನೆ ರಾತ್ರಿ ಆಸ್ಪತ್ರೆಯಲ್ಲಿ ತೀರಿಕೊಂಡರು.

“ಮತ್ತೆ ಗಲ್ಲಿಗೆ ಹೋದ್ರಾ?” ಪಕ್ಕದ ಸಲೂನಿನವನು ಕೇಳಿದ. ಇವತ್ತು ಅವನೂ ಬಾಗಿಲು ಹಾಕಿ ಬಂದಿದ್ದ. “ಸೂಜಿ ಒಂದು ಕೂದಲೆಳೆ ಆ ಕಡೆ ಇದ್ರೆ ಊಟ ಬಿಡ್ತಿದ್ದ ಮನುಷ್ಯ. ತನ್ನ ಅಂಗಡೀನ ಮಾತ್ರ ಮ್ಯಾಪಲ್ಲಿ ನಲವತ್ತು ಅಡಿ ಆಚೆ ಇಟ್ಟು ಹೋಗಿಬಿಟ್ಟ ನೋಡು.”

ನಲವತ್ತು ಅಡಿ ಸರಿಯಾದ ಲೆಕ್ಕವೇ. ಕಟ್ಟಡ ಒಂದೇ. ಮುಂದಿನ ಅರ್ಧ ದೊಡ್ಡ ರಸ್ತೆಗೆ ಮುಖಮಾಡಿದೆ, ಅದು ತಂದೆಯ ರಿಪೇರಿ ಅಂಗಡಿ. ಹಿಂದಿನ ಅರ್ಧ ಗಲ್ಲಿಗೆ ಮುಖಮಾಡಿದೆ, ಅದು ಅವರ ತಂಗಿಯ ನೂಲಿನಂಗಡಿ. ನಡುವೆ ಒಂದು ಬಾಗಿಲಿದೆ. ಹನ್ನೊಂದು ವರ್ಷದ ಹಿಂದೆ ಆ ಕಡೆಯಿಂದ ಹಲಗೆ ಹೊಡೆಸಿದ್ದು ಅತ್ತೆ. ಅಂದಿನಿಂದ ಅಣ್ಣ ತಂಗಿ ಮಾತಾಡಿಲ್ಲ.

ಬೆಳಿಗ್ಗೆ ಏಳಕ್ಕೆ ಮಗಳು ಗಲ್ಲಿಗೆ ಹೋಗಿ ಹೇಳಿ ಬಂದಿದ್ದಳು. ಅತ್ತೆ ಆಗಲೇ ಶಟರ್ ಎತ್ತಿ, ಗುಂಡಿಗಳನ್ನು ಬಣ್ಣಬಣ್ಣವಾಗಿ ಬೇರೆ ಮಾಡುತ್ತ ಕೂತಿದ್ದಳು.

“ಒಂದು ಗಂಟೆಗೆ ಗಾಡಿ ಬರುತ್ತೆ ಅತ್ತೆ.”

“ಗೊತ್ತಾಯ್ತು.”

“ಬರ್ತೀರಲ್ಲ?”

“ಅಂಗಡಿ ಬಿಟ್ಟು ಎಲ್ಲಿ ಬರ್ಲಿ? ಯಾರಾದ್ರೂ ಬಂದ್ರೆ?” ಎಂದು ಒಂದು ನೀಲಿ ಗುಂಡಿಯನ್ನು ಬಿಳಿ ಗುಂಡಿಗಳ ಡಬ್ಬಿಗೆ ಹಾಕಿದಳು.

ತಾಯಿ ಬಹಳ ಹಿಂದೆಯೇ ಹೋಗಿದ್ದಳು. ತಂದೆಯ ಕಡೆಯವರೆಂದು ಉಳಿದಿದ್ದವಳು ಈ ಅತ್ತೆ ಒಬ್ಬಳೇ. ಅವಳು ಒಂದು ಗಂಟೆಯೊಳಗೆ ಬಂದು ಅಣ್ಣನ ಮುಖ ನೋಡಬೇಕು. ಮಗಳಿಗೆ ಇವತ್ತು ಬೇಕಾಗಿದ್ದು ಅಷ್ಟೇ.

*

ಅಂಗಡಿಯನ್ನು ಇಂಟರ್ನೆಟ್ಟಿಗೆ ಹಾಕಿದ್ದು ಮಗಳೇ, ಆರು ವರ್ಷದ ಹಿಂದೆ, ಒಂದು ಭಾನುವಾರ. ಅವಳು ಬೇರೆ ಊರಿನ ಬಸ್ ಡಿಪೋದ ವೇಳಾಪಟ್ಟಿ ವಿಭಾಗದಲ್ಲಿ ಕೆಲಸ ಮಾಡುವವಳು, ತಂದೆಯ ಬಳಿ ಬರುತ್ತಿದ್ದುದು ಭಾನುವಾರ ಮಾತ್ರ. ಹೆಸರು, ಫೋನ್ ನಂಬರು, ತೆರೆಯುವ ವೇಳೆ ಎಲ್ಲವನ್ನೂ ತಂದೆಯನ್ನು ಕೇಳಿ ಕೇಳಿ ತುಂಬಿದಳು.

“ಮಧ್ಯಾಹ್ನ ಎಷ್ಟು ಹೊತ್ತು ಮುಚ್ತೀರಿ?”

“ಒಂದೂಕಾಲಿಂದ ಎರಡು ಹತ್ತು.”

“ಎರಡು ಗಂಟೆ ಅಂತ ಹಾಕ್ತೀನಿ.”

“ಹಾಕ್ಬೇಡ. ಆ ಹತ್ತು ನಿಮಿಷ ಯಾರೋ ಪಾಪ ಮಿಷಿನ್ ಹೊತ್ಕೊಂಡು ಬಾಗಿಲಲ್ಲಿ ನಿಲ್ತಾರೆ.”

ಎರಡು ಹತ್ತು ಎಂದೇ ಹಾಕಿದಳು.

ಗಿರಾಕಿಗಳ ಅಭಿಪ್ರಾಯಗಳಿಗೆ ಉತ್ತರ ಹೇಳಿ ಬರೆಸುವುದು ಅವರಿಗೆ ಭಾನುವಾರದ ಹಬ್ಬವಾಯಿತು. ಒಬ್ಬಾಕೆ ಒಂದೇ ಸ್ಟಾರ್ ಕೊಟ್ಟು, ‘ಎಲ್ಲರ ಮುಂದೆ ಬೈದರು’ ಎಂದು ಬರೆದಿದ್ದಳು. ತಂದೆ ಕಣ್ಣುಮುಚ್ಚಿ ಯೋಚಿಸಿ ಬರೆಸಿದರು: ‘ಬೈದದ್ದು ನಿಜ. ನೀವು ಯಂತ್ರಕ್ಕೆ ಅಡುಗೆ ಎಣ್ಣೆ ಹಾಕಿದ್ದೂ ನಿಜ. ಈಗ ಹೇಗೆ ಓಡುತ್ತಿದೆ?’ ಆಕೆ ಮರುವಾರ ಐದು ಸ್ಟಾರ್ ಮಾಡಿದ್ದಳು.

ಒಂದೇ ತೊಂದರೆ, ಮ್ಯಾಪಿನ ಕೆಂಪು ಗುರುತು. ಮಗಳು ಅದನ್ನು ದೊಡ್ಡ ರಸ್ತೆಯ ಬಾಗಿಲಿಗೆ ಇಟ್ಟಿದ್ದಳು. ತಿಂಗಳೊಳಗೆ ಅದು ಗಲ್ಲಿಯಲ್ಲಿತ್ತು, ಅತ್ತೆಯ ಅಂಗಡಿಯ ಮೇಲೆ. ಸರಿಮಾಡಿದಳು. ಮತ್ತೆ ಹೋಯಿತು. ‘ನಿಮ್ಮಪ್ಪಂಗೆ ಹೇಳು, ದಿನಾ ದಾರಿ ಹೇಳಿ ಹೇಳಿ ನನ್ನ ಗಂಟಲು ಒಣಗ್ತಿದೆ’ ಎಂದು ಅತ್ತೆ ಹೇಳಿ ಕಳಿಸುತ್ತಿದ್ದಳು. ಕೊನೆಗೆ ಬೋರ್ಡೇ ಬರೆಸಿ ಹಾಕಿದಳು: ‘ಮಿಷಿನ್ ರಿಪೇರಿ ಇಲ್ಲಲ್ಲ. ಎಡಕ್ಕೆ ತಿರುಗಿ, ಮುಂದಿನ ರಸ್ತೆ.’

“ಕಂಪ್ಯೂಟರಿನ ತಪ್ಪಿರ್ಬೇಕು,” ಎನ್ನುತ್ತಿದ್ದರು ತಂದೆ. “ನನಗಂತೂ ಎರಡು ಬೆರಳಲ್ಲಿ ಅದನ್ನ ದೊಡ್ಡದು ಮಾಡೋಕೂ ಬರಲ್ಲಪ್ಪ.”

*

ಹತ್ತು ಗಂಟೆಗೆ ಆರನೆಯ ಕರೆ ಬಂದ ಮೇಲೆ ಮಗಳು ಮೂಲೆಯ ಸ್ಟೂಲಿನ ಮೇಲೆ ಕೂತು ತಂದೆಯ ಫೋನಿನಲ್ಲೇ ಗುರುತು ಸರಿಮಾಡಲು ಹೊರಟಳು. ಕೊನೆಯ ಸಲ ಅವರು ಏನನ್ನಾದರೂ ಒತ್ತಿ ಕೆಡಿಸಿದ್ದಾರೋ ಎಂದು ಇಮೇಲ್ ತೆರೆದಳು. ಮ್ಯಾಪಿನಲ್ಲಿರುವ ಅಂಗಡಿಯ ಪುಟದಲ್ಲಿ, ಅಂದರೆ ಲಿಸ್ಟಿಂಗಿನಲ್ಲಿ, ಏನು ಬದಲಾದರೂ ಅಲ್ಲಿಗೊಂದು ಪತ್ರ ಬರುತ್ತದೆ.

ಗುರುತಿನ ಬಗ್ಗೆ ಆರು ಪತ್ರಗಳಿದ್ದವು. ಮೂರು, ಮೊದಲ ಸಲದ್ದೂ ಸೇರಿ, ಅವಳೇ ಗುರುತು ಇಟ್ಟದ್ದು. ಮೂರರಲ್ಲಿ ‘ಮಾಲೀಕರು ಸ್ಥಳ ಬದಲಿಸಿದ್ದಾರೆ’ ಎಂದಿತ್ತು. ದಿನಾಂಕ ನೋಡಿದಳು. ಮೂರೂ ಭಾನುವಾರ, ಮೂರೂ ಸಂಜೆ ಆರೂವರೆ ಮತ್ತು ಏಳರ ನಡುವೆ. ಅವಳು ವಾಪಸ್ ಹೋಗುವ ಬಸ್ಸು ಆರು ಇಪ್ಪತ್ತಕ್ಕೆ.

ತಂದೆ ಕಿಟಕಿಯಿಂದ ಕೈಬೀಸಿ, ಬಸ್ಸು ತಿರುಗುವವರೆಗೆ ಕಾದು, ಆಮೇಲೆ ಎರಡು ಬೆರಳಲ್ಲಿ ಮ್ಯಾಪನ್ನು ದೊಡ್ಡದು ಮಾಡಿ ಕೂತಿದ್ದರು.

*

ಹನ್ನೊಂದು ವರ್ಷದ ಹಿಂದೆ ನಡುವಿನ ಬಾಗಿಲು ತೆರೆದೇ ಇರುತ್ತಿತ್ತು. ಕೆಲಸ ಕಲಿಸಿದ್ದು ಇಬ್ಬರಿಗೂ ಅಜ್ಜನೇ. ರಿಪೇರಿ ಅಣ್ಣನಿಗೆ, ನೂಲು ತಂಗಿಗೆ ಎಂದು ಪಾಲಾಗಿದ್ದು ಆಮೇಲೆ. ಅವತ್ತು ತಂದೆ ಬಿಡಿಭಾಗ ತರಲು ಹೋಗಿದ್ದಾಗ ಒಬ್ಬಾಕೆ ಯಂತ್ರ ತಂದಳು, ನೂಲು ಗೋಜಲಾಗುತ್ತದೆಂದು. ಅತ್ತೆ ಈಚೆ ಬಂದು ಬಾಬಿನ್ನಿನ ಗೂಡು ಬಿಚ್ಚಿ, “ಸ್ಪ್ರಿಂಗಿಗೆ ಗೀರು ಬಿದ್ದಿದೆ, ಅಷ್ಟೇ,” ಎಂದು ಉಜ್ಜತೊಡಗಿದ್ದಳು.

ತಂದೆ ಒಳಬಂದವರೇ ತಂಗಿಯ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡರು.

“ತಪ್ಪು ತಿಳ್ಕೋಬೇಡಿ ಮೇಡಂ. ಇವಳು ನೂಲು ಮಾರೋಳು. ಮಿಷಿನ್ ವಿಚಾರ ಇವಳಿಗೇನು ಗೊತ್ತು.”

ಅತ್ತೆ ಕೈ ಒರೆಸಿಕೊಂಡು ಬಾಗಿಲು ದಾಟಿ ಹೋದಳು. ಮರುದಿನ ಬಡಗಿ ಬಂದ.

ಸಂಜೆ ತಂದೆ ಆ ಸ್ಪ್ರಿಂಗನ್ನು ದೀಪದ ಕೆಳಗೆ ಹಿಡಿದು ನೋಡಿದ್ದು ಮಗಳಿಗೆ ನೆನಪಿದೆ. “ಅವಳು ಹೇಳಿದ್ದೇ ಸರಿ,” ಎಂದರು.

“ಹೋಗಿ ಹೇಳಿ ಮತ್ತೆ.”

“ಹೇಳ್ತೀನಿ.”

*

ಮಗಳು ಗುರುತನ್ನು ಮುಟ್ಟಲಿಲ್ಲ. ಬದಲಿಗೆ ಲಿಸ್ಟಿಂಗಿನಲ್ಲಿ ಹೊಸ ಸೂಚನೆ ಹಾಕಿದಳು: ‘ಮಾಲೀಕರು ನಿನ್ನೆ ತೀರಿಕೊಂಡರು. ಕೊನೆಯ ಬಾರಿ ನೋಡಲು ಬರುವವರು ಮಧ್ಯಾಹ್ನ ಒಂದು ಗಂಟೆಯೊಳಗೆ ಬನ್ನಿ. ದಾರಿ ಮ್ಯಾಪಿನಲ್ಲಿದೆ.’ ಅದನ್ನೇ ಸಲೂನಿನವನಿಗೆ ಕಳಿಸಿ, ಊರಿನ ಟೈಲರುಗಳ ಗುಂಪಿಗೂ ಹಾಕಿಸಿದಳು.

“ಅಲ್ಲ ಮಗಳೇ, ಮ್ಯಾಪು ಗಲ್ಲಿಗೆ ಕರ್ಕೊಂಡು ಹೋಗುತ್ತಲ್ಲ?”

“ಹೋಗ್ಲಿ.”

ಅವನು ಅವಳ ಮುಖ ನೋಡಿದ, ಹಲಗೆ ಹೊಡೆದ ಬಾಗಿಲು ನೋಡಿದ. “ಓಹೋ,” ಎಂದು, ಕಾವಲಿಗೆ ನಿಂತವನಂತೆ ರಸ್ತೆಯ ತಿರುವಿಗೆ ಹೋಗಿ ನಿಂತ.

ಜನ ಬಂದರು. ಪರದೆ ಹೊಲಿಯುವವರು, ಚೀಲ ಹೊಲಿಯುವವರು, ಎಂದೋ ಒಮ್ಮೆ ಯಂತ್ರ ತಂದಿದ್ದವರು. ಬಂದವರೆಲ್ಲ ಮೊದಲು ಬೈಸಿಕೊಂಡೇ ಬಂದಿದ್ದರು.

“ಆಯಮ್ಮನ ಬಾಯಿ ಮಾತ್ರ ಕತ್ತರಿ,” ಎಂದಳು ಚೀಲದವಳು. “ಆದ್ರೆ ಪಾಪ, ಕುಡಿಯೋಕೆ ನೀರು ಕೊಟ್ರು.”

“ನನಗೆ ‘ಅವನಿಗೆ ಹೂ ತಂದಿದೀರಾ, ಬಿಳೀದು ತರ್ಬೇಕಿತ್ತು, ಹಳದಿ ಅವನಿಗೆ ಆಗಲ್ಲ’ ಅಂದ್ರು,” ಎಂದ ಶಾಲೆಯ ಸಮವಸ್ತ್ರ ಹೊಲಿಯುವ ಯೂನಿಫಾರ್ಮ್ ಟೈಲರ್. “ಅಲ್ಲ, ಅವರು ಬರೋದೇ ಇಲ್ವಾ?”

ಮಗಳು ರಸ್ತೆಯ ತಿರುವಿನ ಕಡೆ ನೋಡಿದಳು. ಹನ್ನೆರಡಾಯಿತು. ಹನ್ನೆರಡೂವರೆಯಾಯಿತು. ಗಾಡಿ ಹದಿನೈದು ನಿಮಿಷ ಮೊದಲೇ ಬಂದು ಎದುರಿಗೆ ನಿಂತಿತು. ಚಾಲಕ ಇಳಿದು, ಗಡಿಯಾರ ನೋಡದ ಹಾಗೆ ನೋಡಿದ.

ಅಷ್ಟರಲ್ಲಿ ಸಲೂನಿನವನು ತಿರುವಿನಿಂದ ಅರೆ ಓಟದಲ್ಲಿ ಬಂದ. “ಬಂದ್ರು, ಬಂದ್ರು! ಕಾಜಾ ಅಜ್ಜಿ ನಿಮ್ಮತ್ತೇನ ಹಿಡ್ಕೊಂಡು ಬಂದ್ಬಿಟ್ಳು!”

ಕಾಜಾ ಅಜ್ಜಿಗೆ ಎಂಬತ್ತೈದು ದಾಟಿತ್ತು. ಕೋಟುಗಳಿಗೆ ಕೈಯಲ್ಲೇ ಕಾಜಾ, ಅಂದರೆ ಗುಂಡಿ ತೂರುವ ತೂತು, ಹೊಲಿದು ಬದುಕಿದವಳು. ಈಗ ಕಣ್ಣು ಮಂಜು. ಬಾಡಿಗೆ ಕಾರಿನವನು ಅವಳನ್ನು ಮ್ಯಾಪು ಹೇಳಿದಲ್ಲಿ ಇಳಿಸಿ ಹೋಗಿದ್ದ. ಅತ್ತೆ ಎಡಕ್ಕೆ ತಿರುಗು ಎಂದರೆ, “ಎಡ ಯಾವುದೇ ತಾಯಿ, ಕೈ ಕೊಡು,” ಎಂದಿದ್ದಳಂತೆ. ಕೊಟ್ಟ ಕೈಯನ್ನು ಬಿಟ್ಟಿರಲಿಲ್ಲ. ಈಗಲೂ ಬಿಡಲಿಲ್ಲ. ಹೊಸ್ತಿಲಲ್ಲಿ ನಿಂತು ಹಿಂದೆ ಸರಿಯಲು ನೋಡಿದ ಅತ್ತೆಯನ್ನು ತನ್ನೊಂದಿಗೆ ಎಳೆದುಕೊಂಡೇ ಒಳಬಂದಳು.

ಜನ ದಾರಿ ಬಿಟ್ಟರು. ಅತ್ತೆ ಅಣ್ಣನ ಮುಖವನ್ನು ನೋಡಿದಳು, ಆಮೇಲೆ ಕೈಗಳನ್ನು. ಎಷ್ಟು ತೊಳೆದರೂ ಉಗುರಿನ ಅಂಚಿನ ಎಣ್ಣೆಯ ಕಪ್ಪು ಹೋಗಿರಲಿಲ್ಲ.

“ಆ ಗುರುತು ಸರಿ ಮಾಡು ಅಂತ ನೂರು ಸಲ ಹೇಳಿ ಕಳಿಸ್ದೆ,” ಎಂದಳು ಅಣ್ಣನಿಗೇ. “ಕೊನೇವರೆಗೂ ಮಾಡ್ಲಿಲ್ಲ.”

“ನಾನು ಸರಿಯಾಗೇ ಇಟ್ಟಿದ್ದೆ ಅತ್ತೆ, ಮೂರು ಸಲ,” ಎಂದಳು ಮಗಳು. “ಮೂರು ಸಲಾನೂ ಅಪ್ಪ ನಿಮ್ಮ ಬಾಗಿಲಿಗೇ ವಾಪಸ್ ಇಟ್ಟಿದಾರೆ. ನಾನು ಬಸ್ ಹತ್ತಿದ ಮೇಲೆ.”

ಫೋನು ಮುಂದೆ ಹಿಡಿದಳು. ಅತ್ತೆ ಕನ್ನಡಕ ತಂದಿರಲಿಲ್ಲ. ಮಗಳು ಮೂರು ದಿನಾಂಕಗಳನ್ನೂ ವೇಳೆಗಳನ್ನೂ ಓದಿ ಹೇಳಿದಳು. ವೇಳಾಪಟ್ಟಿ ಓದುವ ದನಿಯೇ ಬಂತು. ಬೇರೆ ದನಿಯಲ್ಲಿ ಓದಲು ಅವಳಿಗೆ ಆಗುತ್ತಿರಲಿಲ್ಲ.

“ನೋಡಿದ್ರಾ ಇವನ ಬುದ್ಧಿ!” ಅತ್ತೆ ಸುತ್ತ ನಿಂತವರ ಕಡೆ ತಿರುಗಿದಳು. “ಆರು ವರ್ಷ ನನ್ನ ಕೈಲಿ ಪುಕ್ಕಟೆ ದಾರಿ ತೋರ್ಸೋ ಕೆಲಸ ಮಾಡಿಸ್ಕೊಂಡಿದಾನೆ!”

ಯಾರೋ ನಕ್ಕರು. ಕಾಜಾ ಅಜ್ಜಿಯೂ ನಕ್ಕಳು. ಅತ್ತೆಯೂ ನಗಲು ಹೊರಟು, ಅರ್ಧಕ್ಕೇ ನಿಲ್ಲಿಸಿದಳು.

“ಎಲ್ಲರ ಕೈಲೂ ಮಿಷಿನ್ ಇತ್ತು ಕಣೇ,” ಎಂದಳು ಸಣ್ಣ ದನಿಯಲ್ಲಿ. “ಮಿಷಿನ್ ಹೊತ್ಕೊಂಡೇ ಬರ್ತಿದ್ರು. ನಾನು ಒಬ್ಬರದ್ದೂ ಮುಟ್ಟಲಿಲ್ಲ.”

ಚಾಲಕ ಬಾಗಿಲಲ್ಲಿ ಕೆಮ್ಮಿದ. ಸಲೂನಿನವನು ಅವನನ್ನು ಹೊರಗೆ ಕರೆದೊಯ್ದು ಏನೋ ಹೇಳಿದ. ಗಾಡಿ ಅವತ್ತು ಹೊರಟಿದ್ದು ಒಂದು ಇಪ್ಪತ್ತಕ್ಕೆ. ಅತ್ತೆ ಅದರೊಳಗೆ, ಅಣ್ಣನ ಕಾಲ ಬಳಿ ಕೂತಿದ್ದಳು.

*

ಎಲ್ಲ ಮುಗಿದು, ಬಂದವರು ಹೊರಟಾಗ ಐದು ಗಂಟೆ.

“ಲಿಸ್ಟಿಂಗಲ್ಲಿ ‘ಶಾಶ್ವತವಾಗಿ ಮುಚ್ಚಿದೆ’ ಅಂತ ಹಾಕ್ಬೇಕಲ್ವಾ?” ಎಂದು ಯೂನಿಫಾರ್ಮ್ ಟೈಲರ್ ಹೋಗುವಾಗ ಕೇಳಿದ್ದ. “ನನ್ನ ಅಣ್ಣ ಹೋದಾಗ ನಾವು ಹಾಕಿದ್ವಿ. ಒಂದು ಒತ್ತು, ಮುಗೀತು.”

ಶಟರಿಗೆ ಬೀಗವನ್ನೂ ಹಾಕದೆ ಬಂದಿದ್ದ ಅತ್ತೆ ಮರೆತು ಹೋಗಿದ್ದ ಕೀಲಿಗೊಂಚಲನ್ನು ಕೊಡಲು ಮಗಳು ಗಲ್ಲಿಗೆ ಹೋದಳು. ಆ ಒತ್ತುವುದನ್ನು ನಡೆಯುತ್ತಲೇ ಮಾಡಿಬಿಡೋಣವೆಂದು ತಂದೆಯ ಫೋನನ್ನು ಕೈಯಲ್ಲೇ ಹಿಡಿದಿದ್ದಳು. ‘ಖಚಿತವೇ?’ ಎಂದು ಅದು ಕೇಳುತ್ತಿತ್ತು.

ನೂಲಿನಂಗಡಿಯ ಮುಂದೆ ಒಬ್ಬ ಹೆಂಗಸು ಯಂತ್ರವನ್ನು ಮಗುವಿನಂತೆ ಸೊಂಟಕ್ಕೆ ಆನಿಸಿಕೊಂಡು ನಿಂತಿದ್ದಳು. ಸಾವಿನ ಸುದ್ದಿ ಅವಳಿಗೆ ತಿಳಿದಂತಿರಲಿಲ್ಲ. ಬೋರ್ಡನ್ನು ಓದುತ್ತಿದ್ದಳು.

“ಇಲ್ಲಲ್ವಾ ಹಾಗಾದ್ರೆ? ಮ್ಯಾಪು ಇಲ್ಲೇ ಅಂತು.”

ಮಗಳು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅತ್ತೆ ಬಂದಳು. ಕಣ್ಣು ಕೆಂಪಗಿದ್ದವು.

“ಏನಾಗಿದೆ ಅದಕ್ಕೆ?”

“ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಮ್ಮ. ಟಕ್ ಟಕ್ ಅಂತ ಸದ್ದು ಬೇರೆ.”

ಅತ್ತೆ ಗಲ್ಲಾದ ಮೇಲಿನ ಗುಂಡಿ ಡಬ್ಬಿಗಳನ್ನು ಒಂದು ಕಡೆಗೆ ತಳ್ಳಿದಳು. ಕೆಳಗಿದ್ದ ಬಿಳಿ ಬಟ್ಟೆಗೆ ಎಣ್ಣೆ ತಾಗೀತೆಂದು ಸುತ್ತ ನೋಡಿದಳು. ಆಮೇಲೆ ಕೈ ಚಾಚಿ ಬೋರ್ಡನ್ನು ಮೊಳೆಯಿಂದ ತೆಗೆದು, ಬರಹ ಕೆಳಗಾಗುವಂತೆ ಗಲ್ಲಾದ ಮೇಲೆ ಹಾಸಿ, ಯಂತ್ರವನ್ನು ಅದರ ಮೇಲೆ ಇಡಿಸಿಕೊಂಡಳು. ಬಲಗೈಯಿಂದ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ, ಎಡಗಿವಿಯನ್ನು ಕಬ್ಬಿಣಕ್ಕೆ ತಾಗುವಷ್ಟು ಹತ್ತಿರ ಬಾಗಿಸಿ ಕೇಳತೊಡಗಿದಳು.