ಕರಿಗೋ, ಕರಿಯಾಕೋ

ಸೂಡಿಯ ಬೀಗರ ಸುದ್ದಿ ತಂದವನು ಬಸ್ಸಿನ ಕಂಡಕ್ಟರ್ ಮೌಲಾಸಾಬ. ಗಜೇಂದ್ರಗಡದ ಸ್ಟ್ಯಾಂಡಿನಲ್ಲಿ ಇಳಿದವನೇ, ಚಹಾ ಕೂಡ ಕುಡಿಯದೆ ಕಳಕವ್ವನ ಬಾಗಿಲಿಗೆ ಬಂದ.

"ಯಕ್ಕಾ, ನಿಮ್ಮ ಬೀಗತಿ ದುರಗವ್ವ ಯುಗಾದಿ ಮರುದಿನ ಬರ್ತಾಳಂತ. ಕರಿಗೆ."

"ಕರಿಗೋ, ಕರಿಯಾಕೋ?" ಕಳಕವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. "ಸರಿಯಾಗಿ ಹೇಳಪಾ!"

"ಇಂಜಿನ್ ಚಾಲೂ ಇತ್ತಬೇ. ಕರಿ ಅಂದದ್ದು ಕೇಳಿಸ್ತು, ಅದರ ಬಾಲ ಕೇಳಿಸಲಿಲ್ಲ."

ಹೇಳಿ ಹೊರಟೇಹೋದ ಪುಣ್ಯಾತ್ಮ. ಕಳಕವ್ವನ ಜೀವವೆಲ್ಲ ಆ ಬಾಲದಲ್ಲೇ ಇತ್ತು ಎನ್ನುವುದು ಅವನಿಗೇನು ಗೊತ್ತು! ಕರಿಗೆ ಬರುವುದೆಂದರೆ ಹಬ್ಬದ ಮರುದಿನದ ಮಾಂಸದೂಟಕ್ಕೆ ಬರುವುದು. ಉಂಡು ಬಾಯೊರೆಸಿಕೊಂಡು ಹೋಗುವುದು. ಕರಿಯಾಕ ಬರುವುದೆಂದರೆ ತವರಿನಲ್ಲಿ ಕೂತ ಸೊಸೆಯನ್ನು ಕರೆದುಕೊಂಡು ಹೋಗಲು ಬರುವುದು. ಮಗಳು ರೇಣವ್ವ ದೀಪಾವಳಿಯಿಂದ ತವರಿನಲ್ಲೇ ಇದ್ದಳು. ಸಂಕ್ರಾಂತಿ ಬಂದು ಹೋಯಿತು, ಶಿವರಾತ್ರಿ ಬಂದು ಹೋಯಿತು, ಕರೆಯಲು ಯಾರೂ ಬರಲಿಲ್ಲ. ಅಳಿಯ ಕನಕಪ್ಪ ಸಂತೆಗೆ ಬಂದಾಗ ಬಾಗಿಲಲ್ಲಿ ನಿಂತು ರೇಣವ್ವನ ಕೈಯಿಂದ ಒಂದು ತಂಬಿಗೆ ನೀರು ಕುಡಿದು ಹೋಗುತ್ತಿದ್ದ. ಒಳ್ಳೆಯ ಹುಡುಗನೇ, ಆದರೆ ತಾಯಿಯ ಎದುರು ಬಾಯಿ ಬಿಡುವ ಗಂಡಲ್ಲ.

ಜಗಳ ಹುಟ್ಟಿದ್ದು ಬೆಲ್ಲದಿಂದ. ರೇಣವ್ವನ ಅಪ್ಪ ಮೈಲಾರಪ್ಪ ದೊಡ್ಡ ಯುದ್ಧದ ಕಾಲಕ್ಕೆ ಖಡಕಿಯ ಬ್ರಿಟಿಷ್ ಪಲ್ಟಣದಲ್ಲಿ ಅಡುಗೆಯವನಾಗಿದ್ದ. ಸಾಹೇಬರ ನಾತಾಳ ಹಬ್ಬಕ್ಕೆ, ಅಂದರೆ ಕ್ರಿಸ್‌ಮಸ್ಸಿಗೆ, ಹಂದಿಯ ತೊಡೆಯನ್ನು ಉಪ್ಪಿನಲ್ಲಿ ಹಾಕಿಟ್ಟು, ಕುದಿಸಿ, ಸಕ್ಕರೆ ಪಾಕ ಸವರಿ, ಕೆಂಡದ ಒಲೆಯಲ್ಲಿ ಬೇಯಿಸುವುದನ್ನು ಅಲ್ಲಿ ಕಲಿತ. ಅದರ ಹೆಸರು ಹ್ಯಾಮು. ಊರಿಗೆ ಮರಳಿದ ಮೇಲೆ ಸಕ್ಕರೆಯ ಜಾಗಕ್ಕೆ ಬೆಲ್ಲ ಬಂತು, ಮಗಳ ನಾಲಿಗೆಗೂ ಅದೇ ರುಚಿ ಹತ್ತಿತು. ದೀಪಾವಳಿ ಕರಿಗೆ ಅತ್ತೆಯ ಮನೆಯಲ್ಲಿ ಕುರಿಯ ಸಾರಿಗೆ ಅವಳು ಒಂದು ಚೂರು ಬೆಲ್ಲ ಹಾಕಿಬಿಟ್ಟಳು. ಬಂದ ನೆಂಟರು ಮೂಗು ಮುರಿದರು. "ಮಾಂಸಕ್ಕ ಬೆಲ್ಲ ಹಾಕೂದು ಯಾವ ಸೀಮಿ ಪದ್ಧತಿ?" ಎಂದಳು ದುರಗವ್ವ. ಇವಳಾದರೂ ಸುಮ್ಮನಿದ್ದಳೇ? "ನಮ್ಮಪ್ಪ ಸಾಹೇಬರಿಗೆ ಉಣಿಸಿದಾಂವ. ನಿಮಗೇನ ಗೊತ್ತು ರುಚಿ?" ಅಂದುಬಿಟ್ಟಳು. "ಹಂಗಾರ ಸಾಹೇಬರ ಊಟ ನಿಮ್ಮಪ್ಪನ ಮನ್ಯಾಗ ಉಣ್ಣು ಹೋಗು" ಎಂದು ದುರಗವ್ವ ಬಾಗಿಲು ತೋರಿಸಿದಳು.

ಹೀಗಿರುವಾಗ ಈ ಸುದ್ದಿ. ಕಳಕವ್ವ ಲೆಕ್ಕ ಹಾಕಿಯೇ ಹಾಕಿದಳು. ಕರಿ ದಿನ ಒಳ್ಳೆಯ ಕೆಲಸ ಯಾರೂ ಮಾಡುವುದಿಲ್ಲ. ಮಗಳನ್ನಾಗಲಿ ಸೊಸೆಯನ್ನಾಗಲಿ ಅಂದು ಹೊಸ್ತಿಲು ದಾಟಿಸುವುದಿಲ್ಲ. ಅಂದಮೇಲೆ ದುರಗವ್ವ ಬರುತ್ತಿರುವುದು ಕರೆಯಲಂತೂ ಅಲ್ಲ. ಮತ್ತೆ ಯಾಕೆ? ಸಂಬಂಧ ಹರಿದುಕೊಳ್ಳುವುದಕ್ಕೆ ಕರಿ ದಿನಕ್ಕಿಂತ ಚಲೋ ದಿನ ಯಾವುದಿದೆ!

ಮೈಲಾರಪ್ಪನಿಗೆ ಮಾತ್ರ ಇದ್ಯಾವುದೂ ಇಲ್ಲ. "ಬೀಗರು ಬರ್ತಾರಂದ್ರ ಹ್ಯಾಮು ಮಾಡೂದ" ಎಂದುಬಿಟ್ಟ. ಜೋಳದ ಹೊಲ ಹಾಳು ಮಾಡುತ್ತಿದ್ದ ಅಡವಿ ಹಂದಿಯನ್ನು ಊರ ಗಂಡಸರು ಹೊಡೆದಾಗ ಇವನ ಪಾಲಿಗೆ ಬಂದ ಹಿಂದಿನ ತೊಡೆ ಮಣ್ಣಿನ ಹರವಿಯಲ್ಲಿ ಉಪ್ಪು ಹೀರುತ್ತ ಕೂತಿತ್ತು.

"ನಿಮಗೇನ ಬುದ್ಧಿ ಐತೋ ಇಲ್ಲೋ? ಬೆಲ್ಲದ ಸಲುವಾಗಿ ಕೂಸು ಮನಿಗೆ ಬಂದು ಕುಂತೈತಿ, ಮತ್ತ ಬೆಲ್ಲಾನ ತಿನಿಸ್ತೀರಿ?"

"ಬೀಗತಿ ತಿಂದಿದ್ದು ಸಾರು. ಹ್ಯಾಮು ಎಲ್ಲಿ ತಿಂದಾಳ?"

ಇಂಥವನಿಗೆ ಏನು ಹೇಳುವುದು! ಯುಗಾದಿಯ ಬೇವು ಬೆಲ್ಲ ಮುಗಿದದ್ದೇ ತಡ, ಕಳಕವ್ವ ಉಳಿದ ಬೆಲ್ಲದ ಹೆಂಟೆಯನ್ನು ಬಟ್ಟೆಯಲ್ಲಿ ಸುತ್ತಿ ಜೋಳದ ಚೀಲದ ಹೊಟ್ಟೆಯಲ್ಲಿ ಹುಗಿದಳು.

ಮರುದಿನ ಬೆಳಿಗ್ಗೆ ತೊಡೆ ಕುದಿದು ಮೆತ್ತಗಾಗಿತ್ತು. ಮೈಲಾರಪ್ಪ ಚಿಮಣಿ ಎಣ್ಣೆಯ ಹಳೇ ಡಬ್ಬಿಯನ್ನು ತಿಕ್ಕಿ ತೊಳೆದು ಅಡ್ಡ ಮಲಗಿಸಿ, ಕೆಳಗೂ ಮೇಲೂ ಕುಳ್ಳಿನ ಕೆಂಡ ಹರಡಿದ್ದ. ತೊಡೆಯ ಕೊಬ್ಬಿನ ಮೇಲೆ ಚಾಕುವಿನಿಂದ ಚೌಕ ಚೌಕ ಗೀರಿ ಲವಂಗ ಚುಚ್ಚಿ, "ಬೆಲ್ಲ ಎಲ್ಲಿ?" ಎಂದು ಕೂಗಿದ.

"ತೀರೈತಿ" ಎಂದಳು ಕಳಕವ್ವ.

ರೇಣವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದಳು. ನೆಟ್ಟಗೆ ಚೀಲಕ್ಕೆ ಕೈ ಹಾಕಿ ಬೆಲ್ಲ ತೆಗೆದು ಅಪ್ಪನ ಮುಂದೆ ಇಟ್ಟಳು. "ಎವ್ವಾ, ನಾ ಬಾಯಿ ಮಾಡಿದ್ದು ತಪ್ಪು. ಬೆಲ್ಲ ಹಾಕಿದ್ದು ತಪ್ಪಲ್ಲ. ಹಿಂಗ ಬಚ್ಚಿಟ್ಟು ಬಾಳೇವು ಮಾಡಾಕ ನನಗ ಬರೂದಿಲ್ಲ."

ಕಳಕವ್ವನಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು.

ಪಾಕ ಎಳೆ ಬರುತ್ತಿದ್ದಂತೆ ಮೈಲಾರಪ್ಪ ಉಳ್ಳಾಗಡ್ಡಿ ತಪ್ಪಲಿನ ಕಟ್ಟಿನಿಂದ ಅದನ್ನು ಸವರುತ್ತ, ಡಬ್ಬಿಗೆ ತಳ್ಳುತ್ತ, ಮತ್ತೆ ಎಳೆದು ಸವರುತ್ತ ಕೂತ. ತೊಡೆ ಹೊಸ ತಾಮ್ರದ ಕೊಡದಂತೆ ಹೊಳೆಯತೊಡಗಿತು. ಆಮೇಲೆ ಓಣಿಯ ಯಾರೋ ಕರೆದರೆಂದು ಎದ್ದು ಹೋಗಿ ಮಾತಿಗೆ ನಿಂತ, ಮಹಾರಾಯ! ಕಳಕವ್ವ ವಾಸನೆ ಹಿಡಿದು ಓಡಿ ಬರುವಷ್ಟರಲ್ಲಿ ಒಂದು ತುದಿ ಕಪ್ಪಾಗಿಹೋಗಿತ್ತು. "ಕರಿ ದಿನ ಕರಿ ಮಾಡಿ ಇಟ್ರಿ" ಎಂದು ತಲೆ ಚಚ್ಚಿಕೊಂಡು, ತೊಡೆಯನ್ನು ಅಗಲವಾದ ಪರಾತಕ್ಕೆ ಎತ್ತಿ, ಆ ತುದಿಯನ್ನು ಗೋಡೆಯ ಕಡೆ ತಿರುಗಿಸಿಟ್ಟಳು.

ಅಷ್ಟರಲ್ಲಿ ಬೀಗರು ಬಂದೇಬಿಟ್ಟರು. ಮುಂದೆ ದುರಗವ್ವ, ಹಿಂದೆ ಕನಕಪ್ಪ, ಅವನ ತಲೆಯ ಮೇಲೆ ದೊಡ್ಡದೊಂದು ಗಂಟು.

ಗಂಟು ಕಂಡದ್ದೇ ಕಳಕವ್ವನಿಗೆ ಎಲ್ಲ ತಿಳಿದುಹೋಯಿತು. ರೇಣವ್ವನ ಸೀರೆ ಕುಪ್ಪಸವೆಲ್ಲ ಸೂಡಿಯಲ್ಲೇ ಉಳಿದಿದ್ದವು. ಅವನ್ನು ತಂದು ಎಸೆದು ಹೋಗಲಿಕ್ಕೇ ಬಂದರಲ್ಲ! "ಬರ್ರಿ ಬೀಗತಿ, ಬಾರಪಾ" ಎನ್ನುತ್ತ ಕಾಲಿಗೆ ನೀರು ಕೊಟ್ಟಳು. ಕನಕಪ್ಪ ಗಂಟನ್ನು ಮೂಲೆಯಲ್ಲಿ ಇಳಿಸಿ, ರೇಣವ್ವನ ಕಡೆ ಒಮ್ಮೆ ನೋಡಿ, ನೆಲ ನೋಡಿದ.

ಊಟಕ್ಕೆ ಕೂತರು. ಮೈಲಾರಪ್ಪ ಹ್ಯಾಮನ್ನು ಹೋಳು ಹೋಳು ಕೊಯ್ದು ಬಡಿಸಿದ.

"ಇದೇನ್ರಿ ಬೀಗರ, ಮಾಂಸಕ್ಕ ವಾರ್ನಿಸ ಬಳದೀರಿ?" ಎಂದಳು ದುರಗವ್ವ.

ಅವಳು ಒಂದು ಚೂರು ಬಾಯಿಗೆ ಹಾಕಿಕೊಂಡಳು. ಅಗಿದಳು. ಮತ್ತೊಂದು ಚೂರನ್ನು ರೊಟ್ಟಿಯಲ್ಲಿ ಹಿಡಿದು ಹಾಕಿಕೊಂಡಳು. ರೇಣವ್ವ ರೊಟ್ಟಿಯ ಬುಟ್ಟಿ ಹಿಡಿದು ಅತ್ತೆಯ ಬಾಯಿಯನ್ನೇ ನೋಡುತ್ತಿದ್ದಳು. ದುರಗವ್ವ ಕತ್ತು ಚಾಚಿ ಪರಾತದ ಆಚೆ ನೋಡಿ, "ಆ ಕರಿ ತುದಿ ಯಾಕ ಮುಚ್ಚಿಟ್ಟೀರಿ? ಪಾಕದ ತಳಾ ಕೆರಕೊಂಡ ತಿನ್ನಾಕಿ ನಾನು. ಇತ್ತ ಹಾಕ್ರಿ" ಎಂದಳು.

ಮೈಲಾರಪ್ಪನ ಮೀಸೆ ಅಲುಗಿತು. ಕಳಕವ್ವನ ಕಣ್ಣು ಮಾತ್ರ ಮೂಲೆಯ ಗಂಟಿನ ಮೇಲೇ ಇತ್ತು. ಹೊಟ್ಟೆ ತುಂಬ ಉಂಡು ಆಮೇಲೆ ಗಂಟು ಬಿಚ್ಚುತ್ತಾರೆ, ಆಗ ಏನು ಮಾಡಲಿ? ಕೊನೆಗೆ ತಡೆಯಲಾರದೆ ಗಂಗಾಳ ಸರಿಸಿಯೇಬಿಟ್ಟಳು.

"ಬೀಗತಿ, ಕರಿಗೆ ಬಂದೀರೋ, ಕರಿಯಾಕ ಬಂದೀರೋ? ನನ್ನ ಮಗಳ ಸೀರಿ ತಂದು ಒಗಿಯಾಕ ಬಂದಿದ್ರ ಈಗ ಹೇಳ್ರಿ. ನನ್ನ ಜೀವಾ ಆ ಗಂಟಿನಾಗ ಸಿಕ್ಕೊಂಡೈತಿ."

ದುರಗವ್ವನ ಕೈ ಬಾಯಿಯ ಹತ್ತಿರವೇ ನಿಂತಿತು. ಗಂಟಿನ ಕಡೆ ನೋಡಿದಳು, ಕಳಕವ್ವನ ಕಡೆ ನೋಡಿದಳು. "ಬಿಚ್ಚಲೇ ಕನಕಾ" ಎಂದಳು.

ಕನಕಪ್ಪ ಎಡಗೈಯಲ್ಲೇ ಎಳೆದು ಬಿಚ್ಚಿದ. ಸೀರೆಯಿಲ್ಲ, ಕುಪ್ಪಸವಿಲ್ಲ. ಎರಡು ಕೌದಿ, ಒಂದು ತಲೆದಿಂಬು.

"ಕರಿ ದಿನ ಸೊಸಿನ್ನ ಹೊಸ್ತಿಲ ದಾಟಸ್ತಾರೇನ? ಅದಕ್ಕ ಇವತ್ತ ಇಲ್ಲೇ ವಸ್ತಿ. ನಾಳೆ ಮುಂಜಾನಿ ಕರಕೊಂಡ ಹೋಗೂದು. ಹಬ್ಬದ ಮನ್ಯಾಗ ಹಾಸಿಗಿ ಸಾಲತಾವೋ ಇಲ್ಲೋ ಅಂತ ನಮ್ಮ ಕೌದಿ ನಾವ ತಂದೀವಿ. ಕರಿಗೆ ಬಂದು ಕರಕೊಂಡ ಹೋಗ್ತೀನಿ ಅಂತ ಮೌಲಾಸಾಬಗ ಹೇಳಿದ್ನಲ್ಲ!"

ಕಳಕವ್ವ ಗೋಡೆಗೆ ಒರಗಿ ಕೂತುಬಿಟ್ಟಳು. ನಗು ಬಂತು, ನಗುವಿನ ಹಿಂದೆಯೇ ಕಣ್ಣೀರು ಬಂತು. ಅಯ್ಯೋ ಶಿವನೇ, ಎಂಥ ಹಗುರಾಯಿತು ಜೀವ!

"ಅತ್ತಿ, ಅವತ್ತ ನಾನೂ ಒಂದ ಮಾತ ಹೆಚ್ಚ ಆಡಿದ್ನಿ" ಎಂದಳು ರೇಣವ್ವ.

"ನಾನೇನ ಕಡಿಮಿ ಆಡಿದ್ನೇನ? ನೀ ಇಲ್ಲದ ಮನಿ ಬಣಬಣ ಅಂತೈತಿ. ರೊಟ್ಟಿ ಹಾಕು."

ಊಟ ಮುಗಿದ ಮೇಲೆ ಪರಾತದಲ್ಲಿ ದೊಡ್ಡ ಎಲುಬು ಉಳಿಯಿತು. ದುರಗವ್ವ ಕೌದಿ ಕೊಡವುತ್ತ ಅದರ ಕಡೆ ಕೈ ಮಾಡಿದಳು. "ಅದನ್ನ ನಾಳೆ ಕಟ್ಟಿಕೊಡ್ರಿ. ಮನಿಗೆ ಹೋಗಿ ಸಾರ ಮಾಡ್ತಾಳ ರೇಣವ್ವ."

"ಆತ್ರಿ. ಬೆಲ್ಲ ಹಾಕಬ್ಯಾಡಂತ ಹೇಳಿ ಕಳಸ್ತೀನಿ" ಎಂದಳು ಕಳಕವ್ವ, ಅವಸರ ಅವಸರವಾಗಿ.

"ಯಾಕ?" ದುರಗವ್ವ ತಿರುಗಿ ನೋಡಿದಳು. "ನಮ್ಮ ಮನ್ಯಾಗೇನ ಬೆಲ್ಲ ಇಲ್ಲೇನ?"