ಒಂಬತ್ತನೇ ತಾಕು

“ನಿಧಾನ ಕಣಪ್ಪಾ, ಅದರ ಮುಚ್ಚಳ ಸಡಿಲ” ಎಂದು ಮೇಡಂ ಹೇಳುವಷ್ಟರಲ್ಲಿ ಡಬ್ಬಿ ಗೂಟಪ್ಪನ ಮಗನ ಕೈಯಿಂದ ಜಾರಿತು. ಹದಿನೇಳು ವರ್ಷ ಹಿಂದಿನ ಮಣ್ಣು ಹಜಾರದ ತುಂಬ ಚೆಲ್ಲಿತು.

ಮಗ ಅಲ್ಲೇ ಕುಕ್ಕರಿಸಿದ. “ಅಪ್ಪ ಇದ್ದಿದ್ರೆ ಈಗ ನನ್ನ ಚರ್ಮ ಸುಲೀತಿದ್ರು” ಎಂದ. ನಗಲು ಹೋದವನಿಗೆ ನಗು ಅರ್ಧಕ್ಕೇ ನಿಂತಿತು.

ಆಸ್ಪತ್ರೆಯಿಂದ ಗಾಡಿ ಹೊರಟಿದೆ ಎಂದು ಫೋನು ಬಂದು ಹತ್ತು ನಿಮಿಷವಾಗಿತ್ತು. ಹಜಾರದಲ್ಲಿ ದೇಹ ಮಲಗಿಸಲು ಜಾಗವಿರಲಿಲ್ಲ. ಎರಡು ಗೋಡೆಗೂ ಕಪಾಟು, ಕಪಾಟು ಸಾಲದೆ ನೆಲದ ಮೇಲೂ ಸಾಲು ಸಾಲು ತಗಡಿನ ಡಬ್ಬಿ, ಪ್ರತಿ ಡಬ್ಬಿಯ ಮೇಲೂ ಗೂಟಪ್ಪನ ಮುತ್ತಿನಂಥ ಅಕ್ಷರ: ಹೊಲದ ಯಾವ ತಾಕು, ಯಾವ ವರ್ಷ, ಎಷ್ಟು ಆಳದ ಮಣ್ಣು. ಸಂಶೋಧನಾ ಕೇಂದ್ರದ ಉಗ್ರಾಣ ಸೋರತೊಡಗಿದಾಗ, ಹೆಚ್ಚುವರಿ ಮಾದರಿಗಳನ್ನು ಎಸೆದುಬಿಡಿ ಎಂದು ಆದೇಶ ಬಂದಿತ್ತು. ಗೂಟಪ್ಪ ಆದೇಶ ಮೀರುವವನಲ್ಲ. ಎಸೆದ, ತನ್ನ ಮನೆಯೊಳಕ್ಕೆ.

ಗೂಟಪ್ಪ ಎಂಬುದು ಹೆತ್ತವರಿಟ್ಟ ಹೆಸರೇನಲ್ಲ. ಬೆಳಗಾದರೆ ಪ್ರಯೋಗದ ಹೊಲ ಸುತ್ತಿ, ತಾಕುಗಳ ಮೂಲೆಯ ಗೂಟಗಳನ್ನೆಲ್ಲ ಒಂದೊಂದಾಗಿ ಅಲ್ಲಾಡಿಸಿ ನೋಡುತ್ತಿದ್ದ ಈ ಕ್ಷೇತ್ರ ಸಹಾಯಕನಿಗೆ ಕೂಲಿಯವರು ಕಟ್ಟಿದ ಹೆಸರು ಅದು. ಹಾಜರಿ ಪುಸ್ತಕ ಬಿಟ್ಟರೆ ಅವನ ನಿಜ ಹೆಸರು ಇನ್ನೆಲ್ಲೂ ಉಳಿಯಲಿಲ್ಲ. ನಿವೃತ್ತಿಯಾಗಿ ಎರಡು ವರ್ಷವಾದರೂ ಗೂಟ ನೋಡುವುದನ್ನು ಬಿಟ್ಟಿರಲಿಲ್ಲ.

ಮೇಡಂ ಆ ಪ್ರಯೋಗದ ವಿಜ್ಞಾನಿ. ಮಳೆ ಕೈಕೊಟ್ಟರೂ ಬೆಳೆ ನಿಲ್ಲಬೇಕು, ಮಣ್ಣಿನ ಸತ್ವ ಬತ್ತಬಾರದು. ಹಾಗಾಗಬೇಕಾದರೆ ಯಾವ ಬೆಳೆಯ ಹಿಂದೆ ಯಾವ ಬೆಳೆ ಬರಬೇಕು? ಇದನ್ನು ತಿಳಿಯಲು ಕೇಂದ್ರದವರು ಹನ್ನೆರಡು ತಾಕುಗಳಲ್ಲಿ ಮೂವತ್ತನಾಲ್ಕು ವರ್ಷದಿಂದ ಬಿತ್ತುತ್ತಲೇ ಇದ್ದರು. ಇನ್ನೂ ಮೂವತ್ತು ವರ್ಷ ಬಿತ್ತಿದರೆ ಉತ್ತರ ಸಿಗಬಹುದು ಎನ್ನುವಂಥ ಕೆಲಸ ಅದು. ಈ ವಾರವಿಡೀ ಬಿತ್ತನೆ ಮಾಡಿಸಿ ಮೇಡಂ ಹೈರಾಣಾಗಿದ್ದರು. ಆದರೂ ಇವತ್ತಿನ ಆಯಾಸ ಬಿತ್ತನೆಯದಲ್ಲ. ಗೂಟಪ್ಪ ಬದುಕಿದ್ದಾಗ ಹೇಳಬೇಕಾಗಿದ್ದ ಒಂದು ಮಾತು ಇಪ್ಪತ್ತಮೂರು ವರ್ಷದಿಂದ ಅವರ ಗಂಟಲಲ್ಲೇ ಕೂತಿತ್ತು. ಅವನನ್ನು ಮಣ್ಣು ಮಾಡುವ ಮೊದಲಾದರೂ ಹೇಳಬೇಕು. ಹೇಳುತ್ತೇನೆಂಬ ನಂಬಿಕೆ ಅವರಿಗೇ ಇರಲಿಲ್ಲ.

“ಇದು ಯಾವ ತಾಕಿಂದು ಮೇಡಂ, ಒಂಬತ್ತನೇದಾ?” ಮಗ ಪೊರಕೆ ಹಿಡಿದು ಕೇಳಿದ.

“ಅಲ್ಲ, ಮೂರನೇದು.”

“ಸದ್ಯ! ಒಂಬತ್ತಾಗಿದ್ರೆ ಅಮ್ಮನ ಬಾಯಿಗೆ ಸಿಕ್ಕಿಬೀಳ್ತಿದ್ದೆ.”

ಆ ಮನೆಯಲ್ಲಿ ಹಾಲು ಉಕ್ಕಿದರೆ, ಬಸ್ಸು ತಪ್ಪಿದರೆ, ಅಂಗಿಯ ಗುಂಡಿ ಮೇಲೆಕೆಳಗಾದರೆ, ಎಲ್ಲದಕ್ಕೂ ಒಂದೇ ಮಾತು: ‘ಒಂಬತ್ತನೇ ತಾಕು’. ಮೇಡಂ ಚೆಲ್ಲಿದ ಮಣ್ಣನ್ನು ಕಾಗದದ ಮೇಲೆ ಬಳಿದುಕೊಂಡರು.

*

ಇಪ್ಪತ್ತಮೂರು ವರ್ಷದ ಹಿಂದಿನ ಮಾತು. ಆಗ ಮೇಡಂಗೆ ಇಪ್ಪತ್ತೆಂಟು. ಕೆಲಸಕ್ಕೆ ಸೇರಿ ಎರಡು ತಿಂಗಳು. ತಮ್ಮ ಮೊದಲ ಬಿತ್ತನೆಯ ನಕ್ಷೆಯನ್ನು ರಾತ್ರಿಹಗಲು ಕೂತು ತಾವೇ ಬರೆದಿದ್ದರು.

ಆ ಹೊಲದ ತಾಕುಗಳ ಎಣಿಕೆ ನೇಗಿಲು ನಡೆಯುವ ದಾರಿಯಲ್ಲಿ ಸಾಗುತ್ತದೆ. ಮೊದಲ ಸಾಲಿನ ಆರು ತಾಕು ಎಡದಿಂದ ಬಲಕ್ಕೆ. ಕೊನೆಯಲ್ಲಿ ಹೊರಳಿ, ಎರಡನೇ ಸಾಲಿನ ಆರು ಬಲದಿಂದ ಎಡಕ್ಕೆ. ಹೊಲದಲ್ಲೇ ಬೆಳೆದವರಿಗೆ ಇದು ಹೇಳಿಕೊಡುವ ವಿಷಯವೇ ಅಲ್ಲ, ಹಾಗಾಗಿ ಯಾರೂ ಹೇಳಿಕೊಡಲಿಲ್ಲ. ಮೇಡಂ ಪುಸ್ತಕ ಓದುವ ಹಾಗೆ ಎರಡೂ ಸಾಲನ್ನು ಎಡದಿಂದಲೇ ಓದಿದರು. ಗೂಟಗಳ ಮೇಲೆ ಸಂಖ್ಯೆ ಬರೆಯುವ ರೂಢಿ ಆಗಿನ್ನೂ ಇರಲಿಲ್ಲ. ಬಿತ್ತನೆಯ ದಿನ ಗೂಟಪ್ಪ ರಜೆಯಲ್ಲಿದ್ದ. ಆ ದಿನಕ್ಕೆಂದು ಹೊರಗಿನಿಂದ ಬಂದ ಕೂಲಿಯವರು ಮೇಡಂ ಬೆರಳು ತೋರಿಸಿದಲ್ಲಿ ಬಿತ್ತಿದರು.

ಎಂಟನೇ ದಿನ ಗೂಟಪ್ಪ ಬದುವಿನ ಮೇಲೆ ನಿಂತು ಅವರನ್ನು ಕರೆದ.

“ಮೇಡಂ, ಒಂಬತ್ತರಲ್ಲಿ ಅಲಸಂದೆ ಹುಟ್ಟಿದೆ.”

ಆ ಸಾಲಿನ ಉಳಿದ ತಾಕುಗಳಲ್ಲಿ ವರ್ಷವರ್ಷವೂ ಬೆಳೆ ಬದಲಾಗುತ್ತಿದ್ದರಿಂದ ಅಲ್ಲಿಯ ಅದಲುಬದಲನ್ನು ಹೇಗೋ ಸರಿದೂಗಿಸಬಹುದಿತ್ತು. ಆದರೆ ಒಂಬತ್ತನೇ ತಾಕಿನಲ್ಲಿ ಹನ್ನೊಂದು ವರ್ಷದಿಂದ ಜೋಳ ಬಿಟ್ಟು ಬೇರೇನೂ ಬಿತ್ತಿರಲಿಲ್ಲ. ಬಿತ್ತಲೂ ಬಾರದು. ಒಂದೇ ಬೆಳೆ ಬೆಳೆದರೆ ಮಣ್ಣಿಗೇನಾಗುತ್ತದೆ ಎಂದು ತೋರಿಸಲೆಂದೇ ಇದ್ದ ತಾಕು ಅದು. ಎರಡೆಲೆಯ ಹಸಿರು ಮೊಳಕೆಗಳನ್ನು ನೋಡಿ ಮೇಡಂ ಬಗ್ಗಿ ಒಂದನ್ನು ಕಿತ್ತರು.

“ಕಿತ್ತುಹಾಕಿ ಮತ್ತೆ ಬಿತ್ತೋಣ. ಯಾರಿಗೂ ಗೊತ್ತಾಗಲ್ಲ.”

“ಮಣ್ಣಿಗೆ ಗೊತ್ತಾಗುತ್ತಲ್ಲ ಮೇಡಂ. ಬಿತ್ತಿದ್ದನ್ನ ಬಿತ್ತಿದ ಹಾಗೇ ಬರೆದುಬಿಡೋಣ.”

ಅವನು ಕ್ಷೇತ್ರ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬರೆದ. ಒಂಬತ್ತನೇ ತಾಕಿನಲ್ಲಿ ತಪ್ಪಾಗಿ ಅಲಸಂದೆ ಬಿತ್ತನೆ. ಹೊಣೆ: ಕ್ಷೇತ್ರ ಸಹಾಯಕ. ಕೆಳಗೆ ಸಹಿ.

“ಆವತ್ತು ನೀವು ಇರಲೇ ಇಲ್ವಲ್ಲ!”

“ತಪ್ಪು ಒಪ್ಪಿಕೊಂಡವನ ಹಾಜರಿ ಯಾರು ತೆಗೆದು ನೋಡ್ತಾರೆ? ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ. ನನ್ನನ್ನಾದ್ರೆ ಬೈದು ಬಿಡ್ತಾರೆ, ನಿಮ್ಮನ್ನ ಮನೆಗೇ ಕಳಿಸ್ತಾರೆ. ಕಾಯಂ ಆದ್ಮೇಲೆ ನೀವೇ ಇದನ್ನ ಸರಿಮಾಡಿ, ಆಯ್ತಾ?”

ಮೇಡಂ ಮರುವರ್ಷವೇ ಕಾಯಂ ಆದರು. ಅದೇ ವರ್ಷ ಮಳೆಗಾಲದ ನಡುವೆ ನಲವತ್ತು ದಿನ ಮಳೆ ಬರಲಿಲ್ಲ. ಒಂದೇ ಬೆಳೆಯ ಉಳಿದ ತಾಕುಗಳೆಲ್ಲ ಸೊರಗಿದರೆ, ಒಂಬತ್ತರ ಜೋಳ ಮಾತ್ರ ತಲೆಯೆತ್ತಿ ನಿಂತಿತು. ಒಂದೇ ಒಂದು ಸಲ ಬಿತ್ತಿದ ಅಲಸಂದೆ ದಣಿದ ಮಣ್ಣಿಗೆ ಇಷ್ಟು ಜೀವ ಕೊಡಬಲ್ಲದೆಂದು ಅಲ್ಲಿಯವರೆಗೆ ಯಾರೂ ಲೆಕ್ಕ ಹಾಕಿರಲಿಲ್ಲ. ಮೇಡಂ ಅದರ ಮೇಲೆ ಬರೆದ ಲೇಖನದಿಂದ ಅವರ ಹೆಸರು ಎಲ್ಲೆಲ್ಲೋ ಹೋಯಿತು. ಲೇಖನದ ಎರಡನೇ ಪುಟದಲ್ಲಿ ‘ಕ್ಷೇತ್ರ ಸಿಬ್ಬಂದಿಯ ಅಜಾಗರೂಕತೆಯಿಂದ’ ಎಂಬ ಮಾತಿದೆ. ಬರೆದದ್ದು ಅವರ ಕೈಯೇ. ಕಾಯಂ ಆದವರಿಗೆ ಈಗ ಕಳೆದುಕೊಳ್ಳಲು ಇನ್ನೂ ಹೆಚ್ಚಿತ್ತು.

ಗೂಟಪ್ಪನ ಬಡ್ತಿ ಮೂರು ಸಲ ಬಂದು ಮೂರು ಸಲವೂ ಆ ಒಂದು ಸಾಲಿಗೆ ಎಡವಿ ಬಿತ್ತು. ಹೊರಗಿನಿಂದ ತಂಡಗಳು ಬಂದಾಗಲೆಲ್ಲ ಒಂಬತ್ತನೇ ತಾಕಿನ ಮುಂದೆ ನಿಲ್ಲಿಸಿ ಅವನ ತಪ್ಪಿನ ಕತೆ ಹೇಳಿ ನಗಿಸುತ್ತಿದ್ದರು. ಅವನೂ ನಗುತ್ತಿದ್ದ. ಮೇಡಂ ಕಡೆ ಮಾತ್ರ ನೋಡುತ್ತಿರಲಿಲ್ಲ. ಒಂದು ಸಲವಾದರೂ ನೋಡಿದ್ದರೆ, ಕೇಳಿದ್ದರೆ, ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ಮೇಡಂಗೆ ಎಷ್ಟೋ ಸಲ ಅನ್ನಿಸಿದ್ದುಂಟು. ಆಮೇಲೆ ಅವನ ಮೇಲೇ ಸಿಟ್ಟು ಬಂದದ್ದೂ ಉಂಟು.

*

ಹಜಾರ ಪೂರ್ತಿ ಖಾಲಿಯಾಗದೆ ದೇಹವನ್ನು ಅಂಗಳದಲ್ಲೇ ಮಲಗಿಸಿದ್ದರು. ಹನ್ನೊಂದು ಗಂಟೆಗೆ ಅಂಗಳ ತುಂಬಿತು. ಕೇಂದ್ರದವರೆಲ್ಲ ಹೊಲದಿಂದ ನೇರವಾಗಿ ಬಂದಿದ್ದರು. ಬೂಟಿನ ಕೆಸರು ಇನ್ನೂ ಹಸಿ.

“ಕೆಳಗಿನ ಹೊಲ ಮುಗೀತಾ?” ಎಂದು ಟ್ರ್ಯಾಕ್ಟರ್ ಚಾಲಕ ಪಿಸುಗುಟ್ಟಿದ.

“ಅರ್ಧ ಆಗಿದೆ. ಸಾಯೋಕೂ ಬಿತ್ತನೆ ಟೈಮೇ ನೋಡ್ಕೊಂಡ್ರು ಪುಣ್ಯಾತ್ಮ” ಎಂದರು ಗುಮಾಸ್ತರು.

“ಇಲ್ದಿದ್ರೆ ನಾವೆಲ್ಲ ಒಂದೇ ಕಡೆ ಸಿಗ್ತಿದ್ವಾ ಹೇಳಿ.”

ನಿರ್ದೇಶಕರು ದೇಹದ ಬಳಿ ನಿಂತು ನಾಲ್ಕು ಮಾತಾಡಿದರು. ಒಳ್ಳೆಯ ಮನುಷ್ಯ, ಅವರೂ ದಣಿದಿದ್ದರು. “ಮೂವತ್ತೆರಡು ವರ್ಷದ ಸೇವೆ. ಒಂದು ದಿನ ತಡವಾಗಿ ಬಂದವರಲ್ಲ. ಒಂದೇ ಒಂದು ತಪ್ಪು ಮಾಡಿದ್ರು, ನಿಮಗೆಲ್ಲ ಗೊತ್ತು.” ಅಂಗಳದಲ್ಲಿ ಮೆಲ್ಲನೆ ನಗು ಎದ್ದಿತು. “ಆ ತಪ್ಪಿನಿಂದ ವಿಜ್ಞಾನಕ್ಕೇ ಲಾಭ ಆಯ್ತು. ಅಂಥ ತಪ್ಪು ನಾವೂ ಒಂದು ಮಾಡಬಾರದಿತ್ತಾ ಅಂತ ನನಗೇ ಹೊಟ್ಟೆಕಿಚ್ಚು.” ಆಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವರ ದುಃಖ ನಿಜವಾದದ್ದೇ. ಮೇಡಂಗೆ ಅದನ್ನೇ ತಡೆಯಲಾಗಲಿಲ್ಲ. ಎದ್ದು ಅಡುಗೆಮನೆಗೆ ಹೋದರು.

ಗೂಟಪ್ಪನ ಹೆಂಡತಿ ಒಬ್ಬಳೇ ಲೋಟ ತೊಳೆಯುತ್ತಿದ್ದಳು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಳು.

“ಕೇಳಿದ್ರಾ ಮೇಡಂ? ಹೋದ ದಿನಾನೂ ಅದನ್ನ ಬಿಡಲಿಲ್ಲ ಆ ಜನ.” ಆಕೆ ತಿರುಗಲಿಲ್ಲ. “ಅವರಿಗೇನು ಅನ್ನೋದು, ನಾನೇ ಬಿಡಲಿಲ್ಲವಲ್ಲ. ಮೊನ್ನೆ ಬೆಳಿಗ್ಗೆ ಯಜಮಾನ್ರನ್ನ ‘ನಿಮ್ಮ ಮಾತ್ರೆ ತನ್ನಿ’ ಅಂತ ಕಳಿಸಿದ್ರೆ ನನ್ನ ಮಾತ್ರೆ ತಂದ್ರು. ‘ಬಂತಪ್ಪಾ ಒಂಬತ್ತನೇ ತಾಕು’ ಅಂದೆ. ನಕ್ಕೊಂಡು ವಾಪಸ್ ಹೋದ್ರು. ಅಂಗಡಿ ಮುಂದೇನೇ ಕುಸಿದರಂತೆ. ನಾನು ಅವರಿಗೆ ಆಡಿದ ಕೊನೇ ಮಾತು ಅದು.”

ಮೇಡಂ ಬಾಗಿಲ ಚೌಕಟ್ಟು ಹಿಡಿದು ನಿಂತರು. ಈಗ ಹೇಳಿದರೆ ಆ ಕೊನೆಯ ಮಾತು ಈಕೆಯನ್ನು ಜೀವವಿರುವವರೆಗೂ ಚುಚ್ಚುತ್ತದೆ. ಹೇಳದಿದ್ದರೆ ಹೊರಗೆ ಮಲಗಿರುವವನು ಆ ತಪ್ಪನ್ನು ಹೊತ್ತೇ ಹೋಗುತ್ತಾನೆ. ಸುಮ್ಮನಿರುವುದೇ ದಯೆ ಎಂದು ಒಂದು ಕ್ಷಣ ಅನ್ನಿಸಿತು. ಇಪ್ಪತ್ತಮೂರು ವರ್ಷವೂ ಇಂಥದೇ ಒಂದಲ್ಲ ಒಂದು ಒಳ್ಳೆಯ ಕಾರಣ ಸಿಕ್ಕಿತ್ತು ಎಂಬುದು ನೆನಪಾಯಿತು.

“ಅಕ್ಕ, ಆ ತಪ್ಪು ಅವರದಲ್ಲ. ನನ್ನದು. ಎರಡನೇ ಸಾಲನ್ನ ನಾನು ಹಿಂದುಮುಂದಾಗಿ ಓದಿದೆ. ಅವರು ಆವತ್ತು ಹೊಲದಲ್ಲೇ ಇರಲಿಲ್ಲ.”

ನಲ್ಲಿ ಸುರಿಯುತ್ತಲೇ ಇತ್ತು.

“ಎಲ್ಲಿದ್ರು?”

“ರಜೆ ಹಾಕಿದ್ರು. ಆಸ್ಪತ್ರೆಯಲ್ಲಿದ್ರು, ನಿಮ್ಮ ಜೊತೆ. ನಿಮ್ಮ ಮಗ ಹುಟ್ಟಿದ ದಿನ.”

ಹೆಂಡತಿ ನಲ್ಲಿ ನಿಲ್ಲಿಸಿದಳು. ಸೆರಗಿಗೆ ಕೈ ಒರೆಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

“ಬೆಳಿಗ್ಗೆಯಿಂದ ಸಂಜೆತನಕ ನನ್ನ ಪಕ್ಕದಿಂದ ಏಳಲಿಲ್ಲ ಅವರು. ಊಟಕ್ಕೂ ಏಳಲಿಲ್ಲ” ಎಂದಳು. ಆಮೇಲೆ ದನಿ ಏರಿತು. “ಇಷ್ಟು ವರ್ಷ ನಿಮ್ಮ ಬಾಯಿಗೇನಾಗಿತ್ತು? ನಾನು ಅವರನ್ನ ಎಷ್ಟು ಆಡಿಕೊಂಡೆ ಗೊತ್ತಾ? ಕೂತಲ್ಲಿ ನಿಂತಲ್ಲಿ! ಆ ಮಾತು ಕೇಳಿ ಕೇಳಿ ಮಗನೂ ಅಪ್ಪನನ್ನ ನೋಡಿ ನಕ್ಕೊಂಡೇ ಬೆಳೆದ.”

“ತಪ್ಪಾಯ್ತು ಅಕ್ಕ.”

“ನನಗೆ ಹೇಳಿದ್ರೆ ಏನು ಬಂತು? ಹೋಗಿ, ಅಲ್ಲಿ ನಗ್ತಿದಾರಲ್ಲ, ಅವರಿಗೆ ಹೇಳಿ.”

ಮೇಡಂ ಹೊರಗೆ ಬಂದಾಗ ಸ್ಮಶಾನಕ್ಕೆ ಹೋಗುವ ಗಾಡಿ ಹಿಮ್ಮುಖವಾಗಿ ಅಂಗಳದೊಳಕ್ಕೆ ಬರುತ್ತಿತ್ತು. ಅವರು ನಿರ್ದೇಶಕರ ಎದುರು ನಿಂತು, ಎಲ್ಲರಿಗೂ ಕೇಳುವ ಹಾಗೆ ಅದನ್ನೇ ಹೇಳಿದರು. ನಕ್ಷೆ, ಎರಡನೇ ಸಾಲು, ಪುಸ್ತಕದ ಸಹಿ, ಲೇಖನದ ಎರಡನೇ ಪುಟ. ಒಂದನ್ನೂ ಬಿಡಲಿಲ್ಲ.

ನಿರ್ದೇಶಕರು ಅವರ ಮುಂದೆ ನೀರಿನ ಲೋಟ ಹಿಡಿದರು. “ಕೂತ್ಕೊಳ್ಳಿ ಮೇಡಂ. ವಾರದಿಂದ ನಿದ್ದೆ ಇಲ್ಲ ನಿಮಗೆ. ನಿಮ್ಮ ಸಂಕಟ ನಮಗೆ ಅರ್ಥ ಆಗುತ್ತೆ.”

“ಮನಸ್ಸು ಅಂದ್ರೆ ಹೀಗಿರಬೇಕು” ಎಂದು ಗುಮಾಸ್ತರು ಪಕ್ಕದವರಿಗೆ ಹೇಳಿದರು. “ಹೋದವರ ತಪ್ಪನ್ನ ತಮ್ಮ ತಲೆ ಮೇಲೆ ಎಳ್ಕೊಳ್ತಿದಾರೆ ನೋಡಿ.”

ನಿಜ ಹೇಳಿದ್ದಕ್ಕೂ ಹೊಗಳಿಕೆ ಮೇಡಂಗೇ ಬಂದಿತ್ತು.

“ಅವರು ಹೇಳ್ತಿರೋದು ನಿಜ.” ಹೆಂಡತಿ ಹೊಸಿಲಲ್ಲಿ ನಿಂತಿದ್ದಳು. “ಬಿತ್ತನೆ ತಾರೀಕು ನಿಮ್ಮ ಪುಸ್ತಕದಲ್ಲೇ ಇರುತ್ತೆ, ತೆಗೆದು ನೋಡ್ಕೊಳ್ಳಿ. ಇವನು ಹುಟ್ಟಿದ ತಾರೀಕು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆವತ್ತು ನನ್ನ ಗಂಡ ನನ್ನ ಜೊತೆ ಇದ್ರು.”

ಅಂಗಳದ ಕಣ್ಣುಗಳೆಲ್ಲ ಮಗನ ಕಡೆ ಹೊರಳಿದವು. ಅವನು ತಂದೆಯ ಕಾಲ ಬಳಿ ನಿಂತಿದ್ದ. ಮುಖ ಕೆಂಪಾಯಿತು, ಮೊದಲ ಸಲ ಬಿಕ್ಕಿದ. ನಿರ್ದೇಶಕರು ಲೋಟವನ್ನು ಕಟ್ಟೆಯ ಮೇಲಿಟ್ಟು ತಲೆತಗ್ಗಿಸಿದರು.

ದೇಹ ಎತ್ತುವ ಹೊತ್ತಾಯಿತು. ಟ್ರ್ಯಾಕ್ಟರ್ ಚಾಲಕ ಒಂದು ಕಡೆ, ಮಗ ಒಂದು ಕಡೆ. ಮೇಡಂ ಚಟ್ಟದ ಮೂರನೇ ಮೂಲೆಗೆ ಕೈ ಹಾಕಿದರು. ಹೆಂಡತಿ ಬಂದು ಆ ಕೈಯನ್ನು ಮೆಲ್ಲನೆ, ಆದರೆ ಗಟ್ಟಿಯಾಗಿ ಬಿಡಿಸಿದಳು.

“ನೀವು ಬೇಡ” ಎಂದಳು.

ಗುಮಾಸ್ತರು ಆ ಮೂಲೆ ಹಿಡಿದರು. ಗಾಡಿ ಹತ್ತುವವರು ಹತ್ತಿದರು, ಉಳಿದವರು ಕೇಂದ್ರದ ಜೀಪಿನ ಕಡೆ ನಡೆದರು. ಮೇಡಂ ಅವರನ್ನು ಯಾರೂ ಕರೆಯಲಿಲ್ಲ. ಅವರು ಗಾಡಿಯ ತೆರೆದ ಬಾಗಿಲ ಎದುರು, ಹೋಗಲೂ ಆಗದೆ ಇರಲೂ ಆಗದೆ, ಕೈ ಕೆಳಗಿಳಿಸಿ ನಿಂತಿದ್ದರು. ಒಳಗೆ ಹೆಂಡತಿ ಕಿಟಕಿಯ ಪಕ್ಕ ಕೂತಿದ್ದಳು. ಗಾಡಿಯ ಚಾಲಕ ಇಂಜಿನ್ ಶುರು ಮಾಡಿ, “ಇನ್ಯಾರಾದ್ರೂ ಇದೀರಾ?” ಎಂದು ಕೂಗಿದ.

ಹೆಂಡತಿ ಪಕ್ಕದ ಸೀಟಿನ ಮೇಲಿದ್ದ ತನ್ನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಮುಖ ಕಿಟಕಿಯ ಕಡೆಗೇ ಇತ್ತು.